ಬಚ್ಚಲ ನೀರು, ಹಿತ್ತಲ ಕಾಯಿಪಲ್ಲೆ



ಹೊಲಕ್ಕೆ ನಾವು ಕೊಡುವ ಗಮನದಲ್ಲಿ ನೂರರಲ್ಲೊಂದು ಪಾಲನ್ನೂ ಮನೆಯ ಹಿತ್ತಲಿಗೆ ಕೊಡುವುದಿಲ್ಲ. ಒಡೆದ ಹಂಚು, ಮುರಿದ ನೊಗ, ಕಸದ ಗುಡ್ಡೆ, ಇವುಗಳ ನಡುವೆ ಬಚ್ಚಲಿನಿಂದ ಹರಿದು ಬಂದ ನೀರು ನಿಂತು ಕೆಸರಾಗಿರುತ್ತದೆ. ಕೆಲವು ಮನೆಗಳಲ್ಲಿ ಆ ನೀರು ಬೀದಿಗೇ ಇಳಿದು ನೆರೆಯವರೊಡನೆ ಮನಸ್ತಾಪಕ್ಕೂ ಕಾರಣವಾಗುವುದುಂಟು. ಅದೇ ಮನೆಯ ಯಜಮಾನಿ ಸಂತೆಯ ದಿನ ಸೊಪ್ಪನ್ನೂ ಬದನೆಕಾಯಿಯನ್ನೂ ಕರಿಬೇವಿನ ಎಸಳನ್ನೂ ದುಡ್ಡು ಕೊಟ್ಟು ತರುತ್ತಾಳೆ. ಊರಿಗೆಲ್ಲ ಅನ್ನ ಬೆಳೆಯುವ ಒಕ್ಕಲಿಗನ ಮನೆಯಲ್ಲಿ ಕರಿಬೇವಿಗೆ ಕಾಸು ಬಿಚ್ಚುವುದು ವಿಚಿತ್ರವಲ್ಲವೇ?

"ಹಿತ್ತಲ ಗಿಡ ಮದ್ದಲ್ಲ" ಎಂದು ಹಿರಿಯರು ಹೇಳುತ್ತಿದ್ದರು. ಹತ್ತಿರದ ವಸ್ತುವಿಗೆ ನಾವು ಬೆಲೆ ಕೊಡುವುದಿಲ್ಲವೆಂಬುದು ಆ ಮಾತಿನ ಅರ್ಥ. ಬಚ್ಚಲ ನೀರಿಗೂ ಅದೇ ಗತಿಯಾಗಿದೆ. ಈ ಎರಡನ್ನೂ, ಎಂದರೆ ಹಾಳು ಬಿದ್ದ ಹಿತ್ತಲನ್ನೂ ಹಾಳಾಗಿ ಹರಿಯುವ ನೀರನ್ನೂ, ಒಂದಕ್ಕೊಂದು ಸೇರಿಸಿ ಮನೆಮಂದಿಗೆ ಬೇಕಾದ ಕಾಯಿಪಲ್ಲೆಯನ್ನು ಬೆಳೆಯುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಿದೆ. ಇದಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಗುದ್ದಲಿ, ಕುಡುಗೋಲು, ಪುಟ್ಟಿ, ಇವು ನಿಮ್ಮಲ್ಲೇ ಇವೆ.

ತರಕಾರಿ ಎಷ್ಟು ಬೇಕು?

ಒಬ್ಬ ವಯಸ್ಕ ಮನುಷ್ಯನಿಗೆ ದಿನಕ್ಕೆ ತರಕಾರಿ ಮತ್ತು ಹಣ್ಣು ಎರಡೂ ಸೇರಿ ಕನಿಷ್ಠ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಸಂಸಾರಕ್ಕೆ ಇದು ದಿನಕ್ಕೆ 2 ಕಿಲೋ, ವಾರಕ್ಕೆ 14 ಕಿಲೋ ಆಯಿತು. ವಾರಕ್ಕೊಂದು ಸಂತೆಯಲ್ಲಿ ಇಷ್ಟನ್ನು ಕೊಂಡು ತರುವ ಮನೆ ಎಷ್ಟಿವೆ? ತಂದರೂ ಸೊಪ್ಪು ಎರಡನೆಯ ದಿನಕ್ಕೆ ಬಾಡುತ್ತದೆ. ಆದುದರಿಂದ ಸಂತೆಯಾದ ಎರಡು ದಿನ ಪಲ್ಯ, ಉಳಿದ ದಿನ ಬರೀ ಬೇಳೆ ಸಾರು ಅಥವಾ ಕಾರದ ಪುಡಿ ಎಂಬಂತಾಗುತ್ತದೆ.

ಇದರ ಫಲ ಮನೆಯ ಹೆಂಗಸರ ಮೇಲೂ ಮಕ್ಕಳ ಮೇಲೂ ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಕಂಡುಬಂದಿತು. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದೇ ಕೊರತೆ ಇತ್ತು. ರಕ್ತಹೀನತೆಗೆ ಸೊಪ್ಪೊಂದೇ ಔಷಧವಲ್ಲ. ಅಂಗನವಾಡಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಆದರೆ ದಿನವೂ ಸೊಪ್ಪು ತಿನ್ನುವ ಮನೆಗೂ ವಾರಕ್ಕೊಮ್ಮೆ ತಿನ್ನುವ ಮನೆಗೂ ವ್ಯತ್ಯಾಸವಿದ್ದೇ ಇದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಚಹಾ, ಕಾಫಿ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ.

"ನೀರೆಲ್ಲಿದೆ ಸ್ವಾಮಿ?"

ಕೈತೋಟದ ಮಾತೆತ್ತಿದರೆ ಬಯಲುಸೀಮೆಯ ರೈತರು ಮೊದಲು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಊರಿನಲ್ಲಿ ಬದನೆ ಗಿಡಕ್ಕೆ ನೀರು ತರುವುದು ಎಲ್ಲಿಂದ?

ಲೆಕ್ಕ ಹಾಕಿ ನೋಡೋಣ. ತಲೆಗೆ ಒಂದು ದೊಡ್ಡ ಬಕೆಟಿನಂತೆ, ಸುಮಾರು 20 ಲೀಟರ್ ನೀರನ್ನು ಸ್ನಾನಕ್ಕೆ ಬಳಸಿದರೆ ಐದು ಜನರಿಗೆ ದಿನಕ್ಕೆ 100 ಲೀಟರ್ ಆಗುತ್ತದೆ. ಪಾತ್ರೆ ತೊಳೆದ ನೀರು, ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಇದಕ್ಕೆ ಹೊರತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ತಲೆಗೆ ದಿನವೊಂದಕ್ಕೆ 55 ಲೀಟರಿನಂತೆ ನಲ್ಲಿ ನೀರು ಕೊಡುವ ಗುರಿಯನ್ನಿಟ್ಟುಕೊಂಡಿತು. ಮನೆಗೆ ನಲ್ಲಿ ಬಂದಂತೆ ಮನೆಯಿಂದ ಹೊರಹೋಗುವ ನೀರೂ ಹೆಚ್ಚಿತು. ಆ ನೀರಿಗೆ ದಾರಿ ಮಾಡುವ ಕೆಲಸ ಮಾತ್ರ ಎಷ್ಟೋ ಮನೆಗಳಲ್ಲಿ ಉಳಿದೇ ಇದೆ.

ಈಗ ಬೇಸಗೆಯ ಖರ್ಚನ್ನು ನೋಡಿರಿ. 3 ಅಡಿ ಅಗಲ, 10 ಅಡಿ ಉದ್ದದ ಒಂದು ತರಕಾರಿ ಮಡಿಗೆ ಬಿರುಬೇಸಗೆಯಲ್ಲಿ ದಿನಕ್ಕೆ ಸುಮಾರು 15 ಲೀಟರ್ ನೀರು ಸಾಕು. ಬಾಳೆಯ ಒಂದು ಬುಡಕ್ಕೆ 15 ಲೀಟರ್, ಪರಂಗಿ ಗಿಡವೊಂದಕ್ಕೆ 10 ಲೀಟರ್ ಎಂದುಕೊಳ್ಳಿ. 100 ಲೀಟರಿನಲ್ಲಿ 2 ಬಾಳೆ, 2 ಪರಂಗಿ, 3 ಮಡಿ ತರಕಾರಿ ಬದುಕುತ್ತವೆ. ಮಳೆಗಾಲ, ಚಳಿಗಾಲಗಳಲ್ಲಿ ಇದರ ಎರಡರಷ್ಟು ಜಾಗವನ್ನು ಬೆಳೆಸಬಹುದು. ಒಂದು ಕೊಡ ನೀರನ್ನೂ ಹೊಸದಾಗಿ ತರುವ ಅಗತ್ಯವಿಲ್ಲ.

ಇನ್ನೊಂದು ಲಾಭವನ್ನೂ ಮರೆಯಬಾರದು. ಕೊಳಕು ನೀರು ನಿಂತಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ಆನೆಕಾಲು ರೋಗವನ್ನು ಹರಡುವ ಸೊಳ್ಳೆ ಇದೇ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ನಿಲ್ಲದೆ ಮಣ್ಣಿಗಿಳಿದು ಗಿಡದ ಬೇರಿಗೆ ಸೇರಿದರೆ ಸೊಳ್ಳೆಗೆ ಎಡೆಯೇ ಇಲ್ಲ.

ಬಚ್ಚಲ ನೀರನ್ನು ಹದಗೊಳಿಸುವುದು ಹೇಗೆ?

ಬಚ್ಚಲ ನೀರನ್ನು ಹಾಗೆಯೇ ಹಿತ್ತಲಿಗೆ ಬಿಡುವುದು ಸರಿಯಲ್ಲ. ಅದರಲ್ಲಿ ಕೂದಲು, ಜಿಡ್ಡು, ಸೋಪಿನ ನೊರೆ ಇರುತ್ತವೆ. ಇವು ಮಣ್ಣಿನ ಮೇಲೆ ಪೊರೆ ಕಟ್ಟಿ ನೀರು ಇಂಗದಂತೆ ಮಾಡುತ್ತವೆ. ಕೆಳಗೆ ಹೇಳಿದಂತೆ ಮಾಡಿರಿ. ಇಬ್ಬರಿಗೆ ಒಂದು ದಿನದ ಕೆಲಸ.

1. ಬಚ್ಚಲ ತೂಬಿನ ಬಾಯಿಗೆ ಒಂದು ಜಾಲರಿ ಇಡಿರಿ. ಅದರ ಹೊರಗೆ 1 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಆಳದ ಚಿಕ್ಕ ಗುಂಡಿ ತೆಗೆದು ಇಟ್ಟಿಗೆ ಇಲ್ಲವೆ ಕಲ್ಲು ಕಟ್ಟಿರಿ. ಅದರಲ್ಲಿ ತೆಂಗಿನ ನಾರು ತುಂಬಿದ ಹಳೆಯ ಬುಟ್ಟಿಯನ್ನು ಇಟ್ಟರೆ ಜಿಡ್ಡೂ ಕೂದಲೂ ಅಲ್ಲಿಯೇ ನಿಲ್ಲುತ್ತವೆ. ನಾರನ್ನು ವಾರಕ್ಕೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಹೊಸ ನಾರು ತುಂಬಬೇಕು. ಗುಂಡಿಯ ಮೇಲೆ ಚಪ್ಪಡಿ ಮುಚ್ಚಬೇಕು.

2. ಈ ಗುಂಡಿಯಿಂದ ಹಿತ್ತಲ ಕಡೆಗೆ 1 ಅಡಿ ಅಗಲ, 1 ಅಡಿ ಆಳದ ಕಾಲುವೆ ತೋಡಿರಿ. ಹತ್ತು ಅಡಿಗೆ ಎರಡು ಮೂರು ಅಂಗುಲದಷ್ಟು ಇಳಿಜಾರು ಇರಲಿ. ಕಾಲುವೆಯ ತುಂಬ ಜಲ್ಲಿಕಲ್ಲು ಅಥವಾ ಇಟ್ಟಿಗೆ ಚೂರನ್ನು ತುಂಬಿರಿ. ನೀರು ಕಲ್ಲಿನ ಸಂದಿಯಲ್ಲಿ ಹರಿಯಬೇಕೇ ಹೊರತು ಮೇಲೆ ಕಾಣಬಾರದು. ನೀರು ಕಾಣದಿದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿಲ್ಲ.

3. ಕಾಲುವೆಯ ಎರಡು ದಡಕ್ಕೂ ಕಾಬಾಳೆ ಗಿಡ ನೆಡಿರಿ. ಇದರ ಬೇರು ಸದಾ ಒದ್ದೆಯಲ್ಲಿದ್ದರೂ ಕೊಳೆಯದೆ ನೀರಿನಲ್ಲಿರುವ ಕಸುವನ್ನು ಹೀರಿಕೊಳ್ಳುತ್ತದೆ. ನೋಡಲು ಹೂವೂ ಚೆಂದ.

4. ಕಾಲುವೆಯ ಕೊನೆಯಲ್ಲಿ ಬಾಳೆಯ ಪಾತಿ ಇರಲಿ. ತರಕಾರಿ ಮಡಿಗೂ ನೀರು ಬೇಕಾದರೆ ಪಾತಿಗಿಂತ ಮುಂಚೆ ಒಂದು ಹಳೆಯ ಡ್ರಮ್ಮನ್ನು ಹೂಳಿ, ತಳದಲ್ಲಿ ಜಲ್ಲಿ, ಅದರ ಮೇಲೆ ದಪ್ಪ ಮರಳು ಹಾಕಿರಿ. ಮರಳಿನ ಮೂಲಕ ಇಳಿದ ನೀರು ಪಕ್ಕದ ಇನ್ನೊಂದು ಪಾತ್ರೆಗೆ ಬರುವಂತೆ ಕೊಳವೆ ಕೂಡಿಸಿರಿ. ಎರಡಕ್ಕೂ ಬಿಗಿಯಾದ ಮುಚ್ಚಳ ಬೇಕು. ಹೀಗೆ ಸೋಸಿದ ನೀರನ್ನು ಅದೇ ದಿನ ಖರ್ಚು ಮಾಡಬೇಕು. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ನಾತ ಹಿಡಿಯುತ್ತದೆ.

5. ಕುಡಿಯುವ ನೀರಿನ ಬಾವಿಯಿಂದಲೂ ಕೊಳವೆಬಾವಿಯಿಂದಲೂ ಈ ಕಾಲುವೆ ಕನಿಷ್ಠ 50 ಅಡಿ ದೂರವಿರಲಿ. ಶೌಚಾಲಯದ ನೀರನ್ನು ಎಂದಿಗೂ ಇದಕ್ಕೆ ಸೇರಿಸಬಾರದು. ಮಗುವಿನ ಮಲ ಮೂತ್ರದ ಬಟ್ಟೆ ತೊಳೆದ ನೀರೂ ಬೇಡ.

ಯಾವ ಗಿಡಕ್ಕೆ ಯಾವ ನೀರು?

ಇಲ್ಲಿ ಸ್ವಲ್ಪ ವಿವೇಚನೆ ಬೇಕು. ಬಾಳೆ, ನುಗ್ಗೆ, ನಿಂಬೆ, ಪರಂಗಿ, ಬದನೆ, ಬೆಂಡೆ, ಚಪ್ಪರದ ಬಳ್ಳಿಗಳು, ಇವುಗಳಿಗೆ ಬಚ್ಚಲ ನೀರನ್ನು ಧಾರಾಳವಾಗಿ ಕೊಡಬಹುದು. ನೀರು ಬುಡಕ್ಕೆ ಮಾತ್ರ ಹೋಗಬೇಕು. ಎಲೆಗೂ ಕಾಯಿಗೂ ತಗಲಬಾರದು. ದಂಟು, ಪಾಲಕ್ ಮೊದಲಾದ ಸೊಪ್ಪನ್ನು ಸಾಲಾಗಿ ಬಿತ್ತಿ, ಸಾಲುಗಳ ನಡುವಿನ ಕಿರುಗಾಲುವೆಯಲ್ಲಿ ನೀರು ಬಿಡಿರಿ. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿರಿ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ಸೌತೆ, ಹಸಿಯಾಗಿ ತಿನ್ನುವ ಈರುಳ್ಳಿ ಇವುಗಳಿಗೆ ಒಳ್ಳೆಯ ನೀರನ್ನೇ ಹಾಕತಕ್ಕದ್ದು. ಅಕ್ಕಿ, ತರಕಾರಿ ತೊಳೆದ ನೀರು ಇದಕ್ಕೆ ತಕ್ಕದ್ದು.

ಪರಂಗಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆತು ಗಿಡ ಬೀಳುತ್ತದೆ. ಆದುದರಿಂದ ಬುಡಕ್ಕೆ ಮಣ್ಣು ಏರಿಸಿ, ಒಂದು ಅಡಿ ದೂರದಲ್ಲಿ ಉಂಗುರದಂತೆ ಪಾತಿ ಮಾಡಿ ಅಲ್ಲಿಗೆ ನೀರು ಬಿಡಬೇಕು.

ಬಟ್ಟೆ ಒಗೆದ ನೀರಿನಲ್ಲಿ ಡಿಟರ್ಜೆಂಟಿನ ಉಪ್ಪು ಹೆಚ್ಚು. ಅದನ್ನು ದಿನವೂ ಒಂದೇ ಮಡಿಗೆ ಹಾಕಿದರೆ ಮಣ್ಣು ಗಟ್ಟಿಯಾಗುತ್ತದೆ. ಅದನ್ನು ತೆಂಗಿಗೆ ಇಲ್ಲವೆ ಬೇಲಿಗೆ ಬಿಡಿರಿ. ಬ್ಲೀಚಿಂಗ್ ಪುಡಿ, ಫಿನಾಯಿಲ್ ಬೆರೆತ ನೀರು ಯಾವ ಗಿಡಕ್ಕೂ ಬೇಡ. ಮಣ್ಣಿನ ಮೇಲೆ ಬಿಳಿ ಹುಡಿ ಕಂಡರೆ, ಎಲೆಯ ಅಂಚು ಸುಟ್ಟಂತಾದರೆ, ಉಪ್ಪು ಮೀರಿದೆಯೆಂದು ತಿಳಿಯಿರಿ. ಆಗ ಬಚ್ಚಲ ನೀರನ್ನು ನಿಲ್ಲಿಸಿ ಎರಡು ಮೂರು ಸಲ ಒಳ್ಳೆಯ ನೀರು ಹಾಯಿಸಬೇಕು. ಮಳೆಗಾಲದಲ್ಲಿ ಈ ಉಪ್ಪು ತಾನಾಗಿಯೇ ತೊಳೆದುಹೋಗುತ್ತದೆ.

ಜಾಗದ ಏರ್ಪಾಡು

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಇಷ್ಟು ಹಿತ್ತಲಿದ್ದರೆ ಒಂದು ಸಂಸಾರದ ತರಕಾರಿಯ ಬಹುಪಾಲು ಇಲ್ಲಿಯೇ ಬೆಳೆಯುತ್ತದೆ. ಇಷ್ಟಿಲ್ಲದಿದ್ದರೆ ನಿರಾಶರಾಗಬೇಡಿ. ಹತ್ತು ಅಡಿ ಜಾಗದಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಬಸಳೆಯ ಒಂದು ಚಪ್ಪರ ನಿಲ್ಲುತ್ತವೆ.

ಮರಗಳನ್ನು ಹಿತ್ತಲಿನ ಉತ್ತರದ ಅಂಚಿಗೆ ನೆಡಿರಿ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ಅವುಗಳ ನೆರಳು ಮಡಿಗಳ ಮೇಲೆ ಬೀಳುವುದಿಲ್ಲ. ಒಂದು ನುಗ್ಗೆ, ಒಂದು ನಿಂಬೆ, ಒಂದು ಕರಿಬೇವು, ಎರಡು ಪರಂಗಿ, ಎರಡು ಬಾಳೆ ಒಂದು ಮನೆಗೆ ಸಾಕು. ಪರಂಗಿಯಲ್ಲಿ ಹಲವು ತಳಿಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಸಸಿಯಲ್ಲಿ ಗುರುತು ಸಿಗುವುದಿಲ್ಲ. ಆದುದರಿಂದ ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಿಟ್ಟ ಮೇಲೆ ಒಂದು ಹೆಣ್ಣನ್ನು ಉಳಿಸಿ ಮಿಕ್ಕವನ್ನು ಕೀಳಬೇಕು. ಇಡೀ ತೋಟಕ್ಕೆ ಒಂದು ಗಂಡು ಗಿಡವಿದ್ದರೆ ಸಾಕು.

ನುಗ್ಗೆಯಲ್ಲಿ ಎರಡು ಬಗೆ. ಹಳೆಯ ಬಹುವಾರ್ಷಿಕ ನುಗ್ಗೆಯನ್ನು ತೋಳಿನ ದಪ್ಪದ, ಮೂರು ನಾಲ್ಕು ಅಡಿಯ ಕೊಂಬೆ ಕಡಿದು ಮಳೆಯ ಆರಂಭದಲ್ಲಿ ನೆಡುವುದು ರೂಢಿ. ಬೀಜದಿಂದ ಬರುವ ತಳಿಗಳಲ್ಲಿ ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ, ಇವು ಹೆಸರಾದವು. ಸಸಿ ಎರಡೂವರೆ ಅಡಿ ಎತ್ತರವಾದಾಗ ತುದಿ ಚಿವುಟಿದರೆ ಪಕ್ಕದ ಕೊಂಬೆ ಒಡೆದು ಕಾಯಿ ಕೈಗೆಟುಕುವ ಎತ್ತರದಲ್ಲಿ ಬಿಡುತ್ತದೆ. ಕಾಯಿಗಿಂತ ಸೊಪ್ಪೇ ಹೆಚ್ಚು ಪುಷ್ಟಿಕರವೆಂಬುದನ್ನು ಮರೆಯದಿರಿ.

ಉಳಿದ ಬಿಸಿಲಿನ ಜಾಗದಲ್ಲಿ 3 ಅಡಿ ಅಗಲ, 10 ಅಡಿ ಉದ್ದದ ಏಳು ಮಡಿ ಮಾಡಿರಿ. ನಡುವೆ ಒಂದೂವರೆ ಅಡಿ ಓಡಾಡುವ ದಾರಿ ಇರಲಿ. ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯನ್ನು ತುಳಿಯಬಾರದು. ಅದಕ್ಕಾಗಿಯೇ 3 ಅಡಿಯ ಮಿತಿ. ಮಳೆಗಾಲದಲ್ಲಿ ಮಡಿ ಅರ್ಧ ಅಡಿ ಎತ್ತರವಿರಲಿ, ಬೇಸಗೆಯಲ್ಲಿ ದಾರಿಗಿಂತ ತುಸು ತಗ್ಗಾಗಿರಲಿ. ಮಡಿಗೆ ಒಂದು ಪುಟ್ಟಿ, ಎಂದರೆ 8–10 ಕಿಲೋ, ಕೊಳೆತ ಗೊಬ್ಬರ ಬೆರೆಸಬೇಕು.

ಬೇಲಿಯಿಲ್ಲದ ಕೈತೋಟ ಮೇಕೆಯ ಪಾಲು. ಲಕ್ಕಿ ಗಿಡವನ್ನು ಮೇಕೆ ಮೇಯುವುದಿಲ್ಲ; ಅದರ ಕಡ್ಡಿಯನ್ನು ಒತ್ತಾಗಿ ನೆಡಿರಿ. ನಡುನಡುವೆ ಗೊಬ್ಬರದ ಗಿಡದ ಕೊಂಬೆ ಊರಿದರೆ ಅದರ ಸೊಪ್ಪು ಮಡಿಗೆ ಹಸುರುಗೊಬ್ಬರವಾಗುತ್ತದೆ.

ಚಪ್ಪರ ಮತ್ತು ಮಡಕೆ

ಹೀರೆ, ಹಾಗಲ, ಪಡವಲ, ಸೋರೆ, ಚಪ್ಪರದವರೆ, ಬಸಳೆ ಇವನ್ನು ನೆಲದ ಮೇಲೆ ಬಿಟ್ಟರೆ ಜಾಗವೂ ಹಾಳು, ಕಾಯಿಯೂ ಹಾಳು. ಬಾಳೆಯ ಪಾತಿಯ ಬಳಿ ನಾಲ್ಕು ಕವೆಗೋಲು ನೆಟ್ಟು ಆರು ಅಡಿ ಎತ್ತರದ ಚಪ್ಪರ ಹಾಕಿರಿ. ಬೇಸಗೆಯಲ್ಲಿ ಅದರ ಕೆಳಗೆ ಕರುವನ್ನೂ ಕಟ್ಟಬಹುದು.

ಚಪ್ಪರ ಬಚ್ಚಲಿನಿಂದ ದೂರವಿದ್ದರೆ ಮಡಕೆಯ ಉಪಾಯ ಮಾಡಿರಿ. ಐದಾರು ಲೀಟರ್ ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ಸುತ್ತಲೂ ನಾಲ್ಕು ಬೀಜ ಊರಿರಿ. ಮಡಕೆಯಲ್ಲಿ ತಿಳಿನೀರು ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿರಿ. ನೀರು ಮಡಕೆಯ ಮೈಯಿಂದ ಮೆಲ್ಲನೆ ಜಿನುಗಿ ಬೇರಿಗೆ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರಾಯಿತು. ಇದಕ್ಕೆ ಬಚ್ಚಲ ನೀರು ಹಾಕಬೇಡಿ. ಸೋಪಿನ ಜಿಡ್ಡು ಮಡಕೆಯ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಗೊಬ್ಬರದ ಗುಂಡಿ

ತಿಪ್ಪೆಯನ್ನು ಬಯಲಿನಲ್ಲಿ ಗುಡ್ಡೆ ಹಾಕಿದರೆ ಬಿಸಿಲಿಗೆ ಅದರ ಸಾರ ಹಾರಿಹೋಗುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಗುಂಡಿಯಲ್ಲಿ ಪದರ ಪದರವಾಗಿ ಕಸ ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದರು. ಅದಕ್ಕೆ ಬೆಂಗಳೂರು ವಿಧಾನವೆಂದೇ ಹೆಸರು ಬಂದಿದೆ. ಹಿತ್ತಲಿಗೂ ಅದು ಹೊಂದುತ್ತದೆ.

3 ಅಡಿ ಅಗಲ, 3 ಅಡಿ ಆಳ, 5 ಅಡಿ ಉದ್ದದ ಎರಡು ಗುಂಡಿ ತೆಗೆಯಿರಿ. ತರಗೆಲೆ, ಕಳೆ, ಸಿಪ್ಪೆ, ಒಲೆ ಬೂದಿ ಇವನ್ನು ಅರ್ಧ ಅಡಿ ಹರಡಿ, ಮೇಲೆ ಎರಡು ಅಂಗುಲ ಸಗಣಿ ಬಗ್ಗಡ ಹಾಕಿ, ತುಸು ನೀರು ಚಿಮುಕಿಸಿರಿ. ಹೀಗೆ ಪದರ ಕಟ್ಟುತ್ತ ನೆಲಕ್ಕಿಂತ ಒಂದು ಅಡಿ ಮೇಲೆ ಬಂದ ನಂತರ ಕೆಸರು ಮಣ್ಣಿನಿಂದ ಮೆತ್ತಿಬಿಡಿ. ನೊಣವಿಲ್ಲ, ನಾತವಿಲ್ಲ, ತಿರುವಿಹಾಕುವ ಶ್ರಮವೂ ಇಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧ. ಮೊದಲನೆಯದು ಕೊಳೆಯುವಾಗ ಎರಡನೆಯದು ತುಂಬುತ್ತಿರುತ್ತದೆ. ಹಾಲಿನ ಕವರು, ಗಾಜು, ಟಾರ್ಚಿನ ಹಳೆಯ ಸೆಲ್ಲು ಇವು ಗುಂಡಿಗೆ ಬೀಳದಂತೆ ನೋಡಿಕೊಳ್ಳಿರಿ.

ಬೀಜದ ವಿಷಯ

ಬೀಜದಲ್ಲಿ ಎರಡು ಬಗೆಯೆಂಬುದನ್ನು ತಿಳಿದಿರಬೇಕು. ನಾಟಿ ತಳಿಗಳಿಂದಲೂ ಸುಧಾರಿಸಿದ ಶುದ್ಧ ತಳಿಗಳಿಂದಲೂ ಬೀಜ ತೆಗೆದಿಟ್ಟು ಮತ್ತೆ ಬಿತ್ತಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಹಲವು ಸಲ ಕೊಯ್ಯಬಹುದಾದ ಅರ್ಕಾ ಸುಗುಣ ದಂಟು ಇಂಥವು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಮೂರು ರೋಗಗಳನ್ನು ತಡೆಯುವ ಗುಣವುಳ್ಳದ್ದಾದರೂ ಸಂಕರಣ ತಳಿ. ಅದರ ಬೀಜ ತೆಗೆದು ಬಿತ್ತಿದರೆ ತಾಯಿಗಿಡದ ಗುಣ ಬರುವುದಿಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿರಿ.

ಬದನೆ, ಬೆಂಡೆ, ಅವರೆಗಳಲ್ಲಿ ಮೊದಲ ಕೊಯ್ಲಿನ ಒಳ್ಳೆಯ ಗಿಡವನ್ನು ಆರಿಸಿ ದಾರ ಕಟ್ಟಿರಿ. ಅದರ ಎರಡು ಕಾಯಿ ಅಡಿಗೆಮನೆಗೆ ಹೋಗದೆ ಗಿಡದಲ್ಲಿಯೇ ಬಲಿಯಲಿ. ಟೊಮ್ಯಾಟೊ ಬೀಜವನ್ನು ತಿರುಳಿನೊಡನೆ ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಿನಲ್ಲಿ ಒಣಗಿಸಬೇಕು. ಎಲ್ಲ ಬೀಜವನ್ನೂ ಒಲೆ ಬೂದಿಯೊಡನೆ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹೆಸರು, ವರ್ಷ ಬರೆದಿಡಿ.

ಸೋರೆ ಜಾತಿಯ ಬಳ್ಳಿಗಳಲ್ಲಿ ಜೇನುಹುಳು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಕಾಡು ಸೋರೆಯ ಪರಾಗ ತಗಲಿದ ಬೀಜದಿಂದ ಮುಂದಿನ ಸಲ ಕಹಿ ಕಾಯಿ ಬರಬಹುದು. ಕಹಿಯಾದ ಸೋರೆಕಾಯಿ ವಿಷ. ಅದರ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿರಿ. ಕಹಿಯಿದ್ದರೆ ಉಗಿದು, ಕಾಯಿಯನ್ನು ಎಸೆಯಿರಿ. ಬೇಯಿಸಿದರೆ ಕಹಿ ಹೋಗುತ್ತದೆಂದು ನಂಬಬೇಡಿ.

ಮಳೆಯ ಲೆಕ್ಕದಲ್ಲಿ ವರ್ಷದ ಕೆಲಸ

ಭರಣಿ, ಕೃತ್ತಿಕಾ (ಏಪ್ರಿಲ್ ಕೊನೆ, ಮೇ): ಗಿಡ ನೆಡಲು 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಬೇಲಿ ಸರಿಮಾಡಿ.

ರೋಹಿಣಿ (ಮೇ ಕೊನೆ): ಬದನೆ, ಮೆಣಸಿನಕಾಯಿ ಸಸಿ ಮಡಿ ಹಾಕಿ. ಬೀಜವನ್ನು ಮರಳಿನೊಡನೆ ಬೆರೆಸಿ ತೆಳುವಾಗಿ ಬಿತ್ತಿ ಹುಲ್ಲು ಮುಚ್ಚಿ. ಇರುವೆ ಬೀಜ ಒಯ್ಯದಂತೆ ಸುತ್ತ ಬೂದಿ ಸುರಿಯಿರಿ.

ಮೃಗಶಿರಾ, ಆರಿದ್ರಾ (ಜೂನ್, ಜುಲೈ ಮೊದಲು): ಮರದ ಸಸಿ ನೆಡಿ. ಬೆಂಡೆ, ಹೀರೆ, ಹಾಗಲ, ಸೋರೆ ಊರಿ. ಬದನೆ ಸಸಿಯನ್ನು ಐದು ವಾರದೊಳಗೆ ಸಂಜೆಯ ಹೊತ್ತು ಕಿತ್ತು ಎರಡು ಅಡಿಗೊಂದರಂತೆ ನೆಡಿ. ಎಂಟು ಗಿಡ ಒಂದು ಮನೆಗೆ ಸಾಕು.

ಪುನರ್ವಸು, ಪುಷ್ಯ (ಜುಲೈ): ಬೇಲಿಯುದ್ದಕ್ಕೂ ಅವರೆ, ತೊಗರಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುತ್ತದೆ. ಹೆಬ್ಬಾಳದ ಎಚ್.ಎ.-3, ಎಚ್.ಎ.-4 ತಳಿಗಳಿಗೆ ಆ ಕಟ್ಟಿಲ್ಲ. ಬೇರೆ ಕಾಲದಲ್ಲಿಯೂ ಬಿತ್ತಬಹುದು.

ಹುಬ್ಬ, ಉತ್ತರೆ (ಸೆಪ್ಟೆಂಬರ್): ಟೊಮ್ಯಾಟೊ ಸಸಿ ಮಡಿ. ನಾಲ್ಕು ವಾರಕ್ಕೆ ಸಸಿ ಸಿದ್ಧ.

ಹಸ್ತ, ಚಿತ್ತಾ, ಸ್ವಾತಿ (ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ): ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿ. ಇಡೀ ಮಡಿಯನ್ನು ಒಂದೇ ದಿನ ಬಿತ್ತಬೇಡಿ. ಹದಿನೈದು ದಿನಕ್ಕೆ ಅರ್ಧ ಮಡಿಯಂತೆ ಬಿತ್ತಿದರೆ ಸೊಪ್ಪು ಒಮ್ಮೆಲೇ ಬಂದು ಹಾಳಾಗುವುದಿಲ್ಲ.

ಫೆಬ್ರವರಿಯಿಂದ ಏಪ್ರಿಲ್: ಇದೇ ಬಚ್ಚಲ ನೀರಿನ ಕಾಲ. ಮೂರೇ ಮಡಿ ಇಟ್ಟುಕೊಂಡು ದಂಟು, ಬೆಂಡೆ, ಬದನೆ ಉಳಿಸಿಕೊಳ್ಳಿ. ಬುಡಕ್ಕೆ ಎರಡು ಮೂರು ಅಂಗುಲ ತರಗು ಮುಚ್ಚಿ. ನಡುಹಗಲಿನ ಬಿಸಿಲಿಗೆ ತೆಂಗಿನ ಗರಿಯ ಮರೆ ಕಟ್ಟಿ.

ಹುಳುವಿಗೆ ವಿಷ ಬೇಡ

1950–60ರ ದಶಕಗಳಲ್ಲಿ ತರಕಾರಿಗೆ ಡಿ.ಡಿ.ಟಿ., ಬಿ.ಎಚ್.ಸಿ. ಪುಡಿ ಎರಚಿರೆಂಬ ಸಲಹೆ ಎಲ್ಲೆಡೆ ಸಾಮಾನ್ಯವಾಗಿತ್ತು. ಅವು ಮಣ್ಣಿನಲ್ಲಿಯೂ ಮನುಷ್ಯನ ಮೈಯ ಕೊಬ್ಬಿನಲ್ಲಿಯೂ ವರ್ಷಗಟ್ಟಲೆ ಉಳಿಯುತ್ತವೆಂದು ಮುಂದೆ ತಿಳಿಯಿತು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಕೆಯನ್ನು 1989ರಲ್ಲಿ, ಬಿ.ಎಚ್.ಸಿ.ಯನ್ನು 1997ರಲ್ಲಿ ನಿಷೇಧಿಸಲಾಯಿತು. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಹೊಲಕ್ಕೆ ತಂದು ಉಳಿದ ಔಷಧವನ್ನು "ಹೇಗೂ ಇದೆಯಲ್ಲ" ಎಂದು ಹಿತ್ತಲ ಬದನೆಗೆ ಹೊಡೆಯುವವರಿದ್ದಾರೆ. ಇಂದು ಹೊಡೆದು ನಾಳೆ ಕಿತ್ತು ಸಾರು ಮಾಡುವ ಕಾಯಿ ಅದು! ಮಕ್ಕಳು ಆಡುವ ಜಾಗ ಅದು! ಔಷಧದ ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವುದೂ ಅಷ್ಟೇ ಅಪಾಯ.

ಹಿತ್ತಲಿಗೆ ಕೈಯೇ ಮೊದಲ ಔಷಧ. ಬದನೆಯ ಬಾಡಿದ ಕುಡಿಯೊಳಗೆ ಕೊರೆಯುವ ಹುಳುವಿರುತ್ತದೆ. ಕುಡಿಯನ್ನು ಚಿವುಟಿ ಸುಡಿರಿ. ಹಳದಿ ನರದ ಬೆಂಡೆ ಗಿಡವನ್ನು ಕಂಡ ದಿನವೇ ಕಿತ್ತುಹಾಕಿರಿ. ಕೊಳೆತು ಬಿದ್ದ ಹೀರೆ, ಹಾಗಲ ಕಾಯಿಗಳಲ್ಲಿ ಹಣ್ಣುನೊಣದ ಮರಿಗಳಿರುತ್ತವೆ. ಅವನ್ನು ಒಂದೂವರೆ ಅಡಿ ಆಳಕ್ಕೆ ಹೂಳಿರಿ. ನುಗ್ಗೆಯ ಕಂಬಳಿ ಹುಳುಗಳು ಬೊಡ್ಡೆಯ ಮೇಲೆ ಗುಂಪುಗೂಡಿರುವಾಗ ಕೋಲಿನಿಂದ ಕೆರೆದು ಸೋಪಿನ ನೀರಿಗೆ ಕೆಡವಿರಿ, ಬರಿಗೈಯಲ್ಲಿ ಮುಟ್ಟಬೇಡಿ. ಅವರೆಯ ಹೇನಿಗೆ ಬೆಳಗಿನ ಇಬ್ಬನಿಯಲ್ಲಿ ಜರಡಿ ಹಿಡಿದ ಬೂದಿ ಎರಚಿರಿ.

ಅದಕ್ಕೂ ಜಗ್ಗದಿದ್ದರೆ ಬೇವಿನ ಬೀಜದ ಕಷಾಯವಿದೆ. ಜೂನ್, ಜುಲೈನಲ್ಲಿ ಉದುರುವ ಬೇವಿನ ಹಣ್ಣು ಆಯ್ದು, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಡಿ. ಸಿಪ್ಪೆ ತೆಗೆದ 100 ಗ್ರಾಂ ಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಗ್ಗೆ ಚೆನ್ನಾಗಿ ಹಿಂಡಿರಿ. ನೀರು ಒಟ್ಟು 2 ಲೀಟರ್ ಆಗುವಂತೆ ಸೇರಿಸಿ, ಚಿಟಿಕೆ ಸೋಪು ಬೆರೆಸಿ, ಅದೇ ಸಂಜೆ ಎಲೆಯ ಅಡಿಗೂ ತಗಲುವಂತೆ ಚಿಮುಕಿಸಿರಿ. ಮಾಡಿದ ದಿನವೇ ಬಳಸಬೇಕು.

ದಿನದ ಕೆಲಸ, ವಾರದ ಕೆಲಸ

ದಿನಕ್ಕೆ ಅರ್ಧ ಗಂಟೆ ಸಾಕು. ಬೆಳಗ್ಗೆ ಒಂದು ಸುತ್ತು ಹಾಕಿ ಎಲೆಯ ಅಡಿ ನೋಡಿ, ಹುಳು ಆಯ್ದು, ಬಲಿತ ಕಾಯಿ ಕೀಳಿರಿ. ಬೆಂಡೆಯನ್ನು ಒಂದು ದಿನ ಬಿಟ್ಟು ಒಂದು ದಿನ ಕೀಳದಿದ್ದರೆ ನಾರಾಗುತ್ತದೆ, ಗಿಡವೂ ಹೂ ನಿಲ್ಲಿಸುತ್ತದೆ. ಸಂಜೆ ನೀರು ಹಾಕಿರಿ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಕಳೆ ತೆಗೆಯಿರಿ, ಬಚ್ಚಲ ಗುಂಡಿಯ ನಾರು ಬದಲಿಸಿರಿ. ಅಂದೇ ಹಿತ್ತಲಿನಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಮಡಕೆಗಳನ್ನು ಬೋರಲು ಹಾಕಿರಿ, ನೀರು ತುಂಬಿದ ತೊಟ್ಟಿಯನ್ನು ಬರಿದುಮಾಡಿ ತಿಕ್ಕಿರಿ. ಡೆಂಗ್ಯೂ ಜ್ವರ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಹುಟ್ಟುವುದು.

ಒಂದು ಮಾತನ್ನು ಗಂಡಸರಿಗೆ ಹೇಳಬೇಕಾಗಿದೆ. ಕೈತೋಟವೆಂದರೆ ಹೆಂಗಸರ ಕೆಲಸವೆಂದು ತಿಳಿದು, ಒಲೆ, ಹಟ್ಟಿ, ಹೊಲ ಎಲ್ಲವನ್ನೂ ನೋಡುವ ಮನೆಯಾಕೆಯ ತಲೆಯ ಮೇಲೆ ಇದನ್ನೂ ಹೊರಿಸುವುದು ನ್ಯಾಯವಲ್ಲ. ಕಾಲುವೆ ತೋಡುವುದು, ಗುಂಡಿ ತೆಗೆಯುವುದು, ಚಪ್ಪರ, ಬೇಲಿ, ಇವು ನಿಮ್ಮ ಪಾಲು. ಮಕ್ಕಳಿಗೆ ಒಂದೊಂದು ಮಡಿ ಹಂಚಿಕೊಟ್ಟರೆ ತಾವೇ ಬೆಳೆದ ಸೊಪ್ಪನ್ನು ಬೇಡವೆನ್ನದೆ ತಿನ್ನುತ್ತಾರೆ. ಯಾವ ತರಕಾರಿ ಬಿತ್ತಬೇಕು, ಹೆಚ್ಚಾದುದನ್ನು ಮಾರಬೇಕೋ ನೆರೆಯವರಿಗೆ ಕೊಡಬೇಕೋ ಎಂಬುದನ್ನು ಮಾತ್ರ ಅಡಿಗೆ ಮಾಡುವಾಕೆಯೇ ನಿರ್ಧರಿಸಲಿ. ಮಾರಿ ಬಂದ ದುಡ್ಡೂ ಅವಳ ಕೈಯಲ್ಲಿಯೇ ಇರಲಿ.

ಬೀಜ, ಸಸಿಗಳ ವಿಷಯಕ್ಕೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿಯೂ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಬಚ್ಚಲ ಗುಂಡಿಗೆ ಸಹಾಯವಿದೆಯೇ ಎಂದು ಗ್ರಾಮ ಪಂಚಾಯತಿಯಲ್ಲಿ ಕೇಳಿರಿ. ಆದರೆ ಸಹಾಯ ಬರಲೆಂದು ಕಾಯುತ್ತ ಕೂಡುವ ಕೆಲಸ ಇದಲ್ಲ. ಈ ವಾರ ಕಾಲುವೆ ತೋಡಿ ಎರಡು ಬಾಳೆ ಕಂದು ನೆಡಿರಿ. ಮುಂದಿನ ವಾರ ಒಂದು ಮಡಿ ಮಾಡಿ ದಂಟು ಬಿತ್ತಿರಿ. ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ, ನಿನ್ನೆಯವರೆಗೆ ಬೀದಿಯಲ್ಲಿ ಹರಿಯುತ್ತಿದ್ದ ನೀರು ನಿಮ್ಮ ಊಟದ ತಟ್ಟೆಯಲ್ಲಿ ಸೊಪ್ಪಿನ ಸಾರಾಗಿ ಬಂದಿರುತ್ತದೆ.